ಖಾಲಿ ಮಂಚದ ಬಾಡಿಗೆ

ಕ್ರೂಸ್ ಜಾಹೀರಾತಿನಲ್ಲಿ ದೊಡ್ಡ ದರದ ಕೆಳಗೆ ಸಣ್ಣ ಅಕ್ಷರದ ಸಾಲೊಂದು ಇರುತ್ತದೆ, ನೋಡಿದ್ದೀರಾ? ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ ತಲಾ ಇಷ್ಟು, ಅಂತ. ಒಬ್ಬರೇ ಹೊರಟರೆ ಪಕ್ಕದ ಖಾಲಿ ಮಂಚದ ದುಡ್ಡೂ ನಮ್ಮ ತಲೆಗೇ. ಎಷ್ಟೋ ಕಡೆ ಪೂರ್ತಿ ಡಬಲ್. ಬಂದರಿನ ತೆರಿಗೆ ಮಾತ್ರ ಸಾಮಾನ್ಯವಾಗಿ ಒಬ್ಬರದ್ದೇ, ಪುಣ್ಯಕ್ಕೆ.

2010ರಲ್ಲಿ ಬಂದ ನಾರ್ವೇಜಿಯನ್ ಎಪಿಕ್ ಹಡಗಿನಲ್ಲಿ ಒಂಟಿ ಪ್ರಯಾಣಿಕರಿಗೆಂದೇ 128 ಸ್ಟುಡಿಯೋ ಕ್ಯಾಬಿನ್ ಇವೆ. ಸುಮಾರು 100 ಚದರ ಅಡಿ. ಕಿಟಕಿ ಇದೆ, ಆದರೆ ಅದರಾಚೆ ಕಾಣುವುದು ಸಮುದ್ರವಲ್ಲ, ಕಾರಿಡಾರ್! ಅಗ್ಗ ಅಂದುಕೊಂಡು ಕಣ್ಮುಚ್ಚಿ ಬುಕ್ ಮಾಡಬೇಡಿ. ಕೆಲವೊಮ್ಮೆ ಒಳಗಿನ ಮಾಮೂಲಿ ಕ್ಯಾಬಿನ್‌ಗೆ ಡಬಲ್ ಕೊಟ್ಟರೂ ಕಡಿಮೆ ಬೀಳುತ್ತದೆ.

ನಿಜವಾಗಿ ಅಗ್ಗ ಸಿಗುವುದು ಹಡಗುಗಳು ಸೀಸನ್ ಮುಗಿಸಿ ಜಾಗ ಬದಲಿಸುವಾಗ. ಏಪ್ರಿಲ್ ಹೊತ್ತಿಗೆ ಕೆರಿಬಿಯನ್‌ನಿಂದ ಯುರೋಪಿಗೆ, ಅಕ್ಟೋಬರ್-ನವೆಂಬರ್‌ನಲ್ಲಿ ವಾಪಸ್. ದಿನಗಟ್ಟಲೆ ಬರೀ ನೀರು, ಅದಕ್ಕೇ ಗಿರಾಕಿ ಕಡಿಮೆ. ಒಂದೇ ಕಡೆಯ ಪ್ರಯಾಣ, ಹಾಗಾಗಿ ವಿಮಾನದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಮ್ಮನ ಸಲಹೆ ಬೇರೆ: "ಸುಮ್ನೆ ಚಿಕ್ಕಮ್ಮನ್ನ ಕರ್ಕೊಂಡು ಹೋಗು, ಅರ್ಧ ಆಗುತ್ತೆ." ಚಿಕ್ಕಮ್ಮನ ಗೊರಕೆ ಕೇಳಿದವರಿಗೆ ಆ ಡಬಲ್ ದರ ಅಷ್ಟೇನೂ ಜಾಸ್ತಿ ಅನ್ನಿಸಲಿಕ್ಕಿಲ್ಲ.