ಜೀರಿಗೆ ಮಿಡಿಯ ಕಡ್ಡಿ

ನಮ್ಮ ಹಿತ್ತಿಲಿನ ಜೀರಿಗೆ ಮಿಡಿಯ ಮರ, ಅಂದರೆ ಜೀರಿಗೆಯ ವಾಸನೆಯ ಉಪ್ಪಿನಕಾಯಿ ಮಾವಿನ ಮರ, 2019ರ ಆಗಸ್ಟ್ ಮಳೆಯಲ್ಲಿ ಬುಡಸಮೇತ ಉರುಳಿತು. ಅಮ್ಮ ಛತ್ರಿ ಹಿಡಿದು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, "ಹೋಗಲಿ ಬಿಡು, ಬೇರೆ ಕಡೆ ಇದೆಯಲ್ಲ" ಎಂದು ಒಳಗೆ ನಡೆದಳು. ಬೇರೆ ಕಡೆ ಎಂದರೆ ಎಲ್ಲಿ ಎಂದು ನಾನು ಕೇಳಲಿಲ್ಲ. ಮರುವರ್ಷ ಅವಳೂ ತೀರಿಕೊಂಡಳು. ಕಳೆದ ಜೂನ್‌ನಲ್ಲಿ ಒಂದು ದಿನ ನಾನು ಸಾಗರದಿಂದ ಸೊರಬದ ಕಡೆಗೆ ಹೊರಟದ್ದು ಆ ಮಾತಿನ ಬೆನ್ನು ಹತ್ತಿಯೇ.

ದಾರಿ ತೋರಿಸಿದ್ದು ಅವಳದೇ ನೋಟುಬುಕ್ಕು. ನನ್ನ ಏಳನೇ ತರಗತಿಯ ಗಣಿತದ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ, ಯಾರ ಮನೆಗೆ ಯಾವ ಮಿಡಿಯ ಸಸಿ ಹೋಯಿತು, ಯಾವ ಮಳೆಗಾಲದಲ್ಲಿ ಹೋಯಿತು, ಬದುಕಿತೇ ಸತ್ತಿತೇ ಎಂಬುದನ್ನೆಲ್ಲ ಅವಳು 1994ರಿಂದ ಬರೆದಿಟ್ಟಿದ್ದಳು. ಜೀರಿಗೆ ಮಿಡಿಯಂಥ ಅಪ್ಪೆಮಿಡಿಯ, ಅಂದರೆ ಪರಿಮಳದ ಉಪ್ಪಿನಕಾಯಿ ಮಾವಿನ, ಗೊರಟು ಬಿತ್ತಿದರೆ ತಾಯಿಮರದ ಪರಿಮಳವೇ ಬರುತ್ತದೆಂಬ ಭರವಸೆಯಿಲ್ಲ. ಅದೇ ಗುಣ ಬೇಕೆಂದರೆ ಕಸಿಯನ್ನೇ ಕಟ್ಟಬೇಕು. ವರದಾ ನದಿಯ ದಂಡೆಯಲ್ಲಿದ್ದ ಒಂದು ಮರದ ಮಿಡಿಯ ತೊಟ್ಟು ಮುರಿದು, ಸೊನೆ ಮೂಸಿ, ಜೀರಿಗೆಯ ವಾಸನೆಗೆ ಮರುಳಾಗಿದ್ದ ಅಮ್ಮ ಅದರ ಕಡ್ಡಿ ತಂದು ತಾನೇ ಬ್ಲೇಡು ಹಿಡಿದು ಕಲಿತಳು. ಮಿಡಿ ಕೊಯ್ಯುವ ಅವಸರದಲ್ಲಿ ಕೊಂಬೆಗಳನ್ನೇ ಕಡಿದು ಕೆಡವುವವರ ಕೈಗೆ ಸಿಕ್ಕಿ ಆ ಮೂಲ ಮರ ಕೆಲವೇ ವರ್ಷಗಳಲ್ಲಿ ಒಣಗಿಹೋಯಿತು.

ಅವಳಿಗೆ ಇದೊಂದೇ ಹುಚ್ಚಾಗಿದ್ದರೆ ಮನೆಯವರು ಹೇಗೋ ಸುಧಾರಿಸಿಕೊಳ್ಳುತ್ತಿದ್ದೆವು. ಭದ್ರಾವತಿ ಆಕಾಶವಾಣಿಯ ಕೃಷಿ ಕಾರ್ಯಕ್ರಮ ಮುಗಿಯುವವರೆಗೆ ಒಲೆಯ ಮೇಲಿನ ಸಾರು ಕುದಿದು ಬತ್ತುತ್ತಿತ್ತು. ಕ್ರೋಶಾ ಕಡ್ಡಿಯಿಂದ ಅವಳು ಹೆಣೆದ ಮೇಜಿನ ಹಾಸುಗಳು ಊರಿನ ಎಲ್ಲ ಮನೆಗಳಲ್ಲಿದ್ದವು, ನಮ್ಮ ಮನೆಯೊಂದನ್ನು ಬಿಟ್ಟು. ಎಲ್ಲಕ್ಕಿಂತ ದೊಡ್ಡದು ತಾಳಮದ್ದಲೆಯ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಹುಚ್ಚು. ರಾತ್ರಿಯಿಡೀ ಕೂತು ಕೇಳಿ ಬಂದು, ಬೆಳಿಗ್ಗೆ ದೋಸೆ ಎರೆಯುತ್ತ, ಅಲ್ಲಿ ಪಾತ್ರಗಳ ಮಾತಾಡಿದ ಅರ್ಥಧಾರಿಗಳೊಂದಿಗೆ ಒಬ್ಬಳೇ ವಾದ ಮುಂದುವರಿಸುತ್ತಿದ್ದಳು. ಕರ್ಣನ ದಾನವನ್ನು ಎಲ್ಲರೂ ಕೊಂಡಾಡಿದರೆ ಅವಳದು ಒಂದೇ ತಕರಾರು: "ಕವಚ ಕೊಟ್ಟ, ಸರಿ. ಬದಲಿಗೆ ಶಕ್ತ್ಯಾಯುಧ ಯಾಕೆ ಇಸಕೊಂಡ?" ಅಪ್ಪ ದೋಸೆಯ ತಟ್ಟೆ ನೋಡುತ್ತ ಸುಮ್ಮನಿರುತ್ತಿದ್ದರು. ಕೊಡುವ ವಿಷಯದಲ್ಲಿ ಅವಳೊಂದಿಗೆ ವಾದಕ್ಕಿಳಿದರೆ ಮನೆಯ ಇನ್ನೊಂದು ಸಾಮಾನು ಹೊರಗೆ ಹೋದೀತೆಂಬ ಭಯ ಅವರಿಗೆ ಇದ್ದಿರಬೇಕು. ಅವರ ಹೊಸ ಕಂಬಳಿ ಹೋದದ್ದು ಹಾಗೆಯೇ.

ಕಸಿಯ ಸಸಿಗಳಲ್ಲಿ ಚೆನ್ನಾಗಿ ಎದ್ದುಬಂದದ್ದನ್ನೆಲ್ಲ ಅವಳು ಕೇಳಿದವರಿಗೆ ಕೊಟ್ಟು, ಸೊರಗಿದ್ದೊಂದನ್ನು ನಮಗೆ ಉಳಿಸುತ್ತಿದ್ದಳು. ಬಿದ್ದುಹೋದ ನಮ್ಮ ಮರವೂ ಅಂಥ ಸೊರಗಿದ ಸಸಿಯೇ. ಬಾಲ್ಯದಲ್ಲಿ ಇದರ ಮೇಲೆ ನನಗೆ ಸಿಟ್ಟಿತ್ತು. ಈಗಲೂ ಪೂರ್ತಿ ಹೋಗಿದೆ ಎನ್ನಲಾರೆ.

ನೋಟುಬುಕ್ಕಿನಲ್ಲಿ "ಬದುಕಿದೆ, 2003ರಲ್ಲಿ ಕಾಯಿ" ಎಂದು ಬರೆದಿದ್ದ ಮನೆಗೆ ನಾನು ವಾರಕ್ಕೂ ಮೊದಲೇ ಫೋನ್ ಮಾಡಿದ್ದೆ. ಹೋಗಿ ನೋಡಿದರೆ ಮನೆಯ ಹಿಂದೆ ಮಾಡಿನೆತ್ತರ ಮೀರಿದ ಮರ. ಅಲ್ಲಿಯ ಅಜ್ಜಿ ಕಡ್ಡಿಗಳನ್ನು ಆರಿಸಿ, ಚಿಗುರಿನ ಕಣ್ಣು ಉಬ್ಬಲೆಂದು ಏಳೆಂಟು ದಿನ ಮೊದಲೇ ಎಲೆ ಸವರಿಸಿಟ್ಟಿದ್ದರು. ಇದನ್ನು ಯಾರು ಹೇಳಿಕೊಟ್ಟರೆಂದು ನಾನು ಕೇಳುವ ಅಗತ್ಯವಿರಲಿಲ್ಲ. ಒಂದು ಎಲೆಯನ್ನು ಹೊಸಕಿ ಮೂಗಿಗೆ ಹಿಡಿದಾಗ ನಮ್ಮ ಅಡುಗೆಮನೆಯ ಮೂಲೆಯಲ್ಲಿ, ಉಪ್ಪಿನಲ್ಲಿ ಮುರುಟುತ್ತಿದ್ದ ಮಿಡಿಯ ಭರಣಿಯ ಬಾಯಿಬಟ್ಟೆ ಬಿಚ್ಚಿದಂತಾಯಿತು. ನಾನು ಹತ್ತು ಕಡ್ಡಿ ಕೇಳಿದ್ದೆ. ಅಜ್ಜಿ ಇಪ್ಪತ್ತನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟರು.

"ತಮಾ, ಹತ್ತು ಕೇಳಿದವರಿಗೆ ಇಪ್ಪತ್ತು ಕೊಡಬೇಕು ಅಂತ ನಿಮ್ಮ ಅಮ್ಮನೇ ಹೇಳಿದ್ದು. ಅರ್ಧ ಸಾಯ್ತವೆ" ಎಂದರು. ಬಳಿಕ ನನ್ನ ಬೆರಳುಗಳನ್ನು ಒಮ್ಮೆ ನೋಡಿ, ಇನ್ನೂ ನಾಲ್ಕು ಕಡ್ಡಿ ಸೇರಿಸಿದರು.

ಅಜ್ಜಿಯ ಅಂದಾಜು ತಪ್ಪಾಗಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಎಬ್ಬಿಸಿದ್ದ ಕಾಡುಮಾವಿನ ಸಸಿಗಳ ತಲೆ ಸವರಿ, ನಡುವೆ ಸೀಳಿ, ಕಡ್ಡಿಯ ತುದಿಯನ್ನು ಬೆಣೆಯಂತೆ ಕೆತ್ತಿ ಕೂರಿಸುವುದು ಹೇಳಿದಷ್ಟು ಸುಲಭವಲ್ಲ. ಸಿಪ್ಪೆಗೆ ಸಿಪ್ಪೆ ಕೂಡದಿದ್ದರೆ ಪ್ಲಾಸ್ಟಿಕ್ ಪಟ್ಟಿಯನ್ನು ಎಷ್ಟು ಬಿಗಿದರೂ ವ್ಯರ್ಥ. ಇಪ್ಪತ್ನಾಲ್ಕರಲ್ಲಿ ಚಿಗುರಿದ್ದು ಏಳು.

ಆ ಏಳರಲ್ಲಿ ಎರಡನ್ನು ಪಕ್ಕದ ಮನೆಯವರು ಈಗಾಗಲೇ ಕೇಳಿದ್ದಾರೆ. ಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಎಲ್ಲಕ್ಕಿಂತ ಎತ್ತರ ಬಂದಿರುವ ಸಸಿಯನ್ನು ಮಾತ್ರ, ಅವರ ಕಣ್ಣಿಗೆ ಬೀಳದಂತೆ, ಬಚ್ಚಲುಮನೆಯ ಹಿಂದಕ್ಕೆ ಸರಿಸಿಟ್ಟಿದ್ದೇನೆ.