ಟಿಲ್ಲರಿಗೆ ಎಲ್‌ಇಡಿ ದೀಪ

ಜೂನ್ ಮಳೆ ಹಿಡಿಯಿತೆಂದರೆ ನಮ್ಮ ಬ್ರಹ್ಮಾವರದ ಕಡೆ ಹಗಲು ಸಾಲುವುದಿಲ್ಲ. ಎಂಒ4 ತಳಿಯ ಭತ್ತದ ನೇಜಿ (ನಾಟಿಯ ಸಸಿ) ಸಿದ್ಧವಿರುತ್ತದೆ, ಗದ್ದೆಯಲ್ಲಿ ನೀರು ನಿಂತಿರುವಾಗಲೇ ಉಳುಮೆ ಮುಗಿಯಬೇಕು. ನಮ್ಮ ಹಳೇ ಟಿಲ್ಲರಿನ 35 ವ್ಯಾಟಿನ ಬಲ್ಬು ಇಂಜಿನ್ ನಿಧಾನವಾದರೆ ಕೆಂಡದ ಹಾಗೆ ಕೆಂಪಗಾಗುತ್ತಿತ್ತು. ಮುಸ್ಸಂಜೆ ಗದ್ದೆಯ ಅಂಚು ಎಲ್ಲಿದೆ ಎಂದೇ ಕಾಣದು.

ಈ ಸಲ ಮುಂದೆ 18 ವ್ಯಾಟಿನದ್ದು, ಹಿಂದೆ ಮಣ್ಣು ಉಳುವ ರೋಟರಿಯ ಮೇಲೆ 9 ವ್ಯಾಟಿನದ್ದು, ಎರಡು ಎಲ್‌ಇಡಿ ಹಾಕಿದೆ. ಒಟ್ಟು 27 ವ್ಯಾಟ್, ಇಂಜಿನ್ ತಿರುಗುವಾಗ ದೀಪಕ್ಕೆ ಕರೆಂಟು ಕೊಡುವ ಕಾಯಿಲ್‌ಗೆ ಭಾರವಿಲ್ಲ.

ನೇರ ಜೋಡಿಸಿದರೆ ಮಾತ್ರ ಆಗುವುದಿಲ್ಲ. ನಮ್ಮದರಲ್ಲಿ ಬ್ಯಾಟರಿ ಇಲ್ಲ, ಕಾಯಿಲ್‌ನಿಂದ ಬರುವುದು ಎಸಿ, ಅಂದರೆ ದಿಕ್ಕು ಬದಲಾಗುತ್ತಲೇ ಇರುವ ಕರೆಂಟು. ಎಲ್‌ಇಡಿಗೆ ಒಂದೇ ದಿಕ್ಕಿನ ಡಿಸಿ ಬೇಕು. ಅದಕ್ಕೆ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಡ್ಜ್ ರೆಕ್ಟಿಫೈಯರ್, ಮಿನುಗು ಕಡಿಮೆಯಾಗಲು ಒಂದು ಕೆಪಾಸಿಟರ್. ಇಂಜಿನ್ ಜೋರಾದಂತೆ ವೋಲ್ಟೇಜೂ ಏರುವುದರಿಂದ 10ರಿಂದ 30 ವೋಲ್ಟ್ ತಾಳುವ ದೀಪವನ್ನೇ ಆರಿಸಿದೆ.

ಒಂದು ವಿಷಯ ಖಂಡಿತ ನೆನಪಿಡಿ: ಕಾಯಿಲ್‌ನ ಒಂದು ತುದಿ ಟಿಲ್ಲರಿನ ಲೋಹದ ಮೈಗೆ ಜೋಡಿಸಿ ಅರ್ಥ್ ಆಗಿದ್ದರೆ, ಬ್ರಿಡ್ಜ್ ದಾಟಿ ಬಂದ ನೆಗೆಟಿವ್ ವೈರನ್ನು ಮತ್ತೆ ಆ ಮೈಗೆ ಮುಟ್ಟಿಸಬೇಡಿ. ಡಯೋಡ್ ಸುಟ್ಟುಹೋಗುತ್ತದೆ. ನನ್ನ ಮೊದಲ ಬ್ರಿಡ್ಜ್ ಹೋದದ್ದು ಹಾಗೆಯೇ. ಈಗ ದೀಪಕ್ಕೆ ಎರಡೂ ವೈರು ಬೇರೆಯಾಗಿ ಎಳೆದು, ಕೆಸರು ತಾಗದಂತೆ ಪೈಪಿನೊಳಗೆ ಹಾಕಿದ್ದೇನೆ.

ನಿನ್ನೆ ಏಳೂವರೆಯವರೆಗೆ ಬೈಲುಗದ್ದೆ ಉತ್ತೆ. ಎದುರಿನ ಅಂಚಿನಲ್ಲಿ ಕೂತ ಕೊಕ್ಕರೆಯೂ ಕಾಣುತ್ತಿತ್ತು.