ನಾರ್ಮಲ್ ತಾನೆ?

ಮಗಳು ಹುಟ್ಟಿದ ಮೇಲೆ ನೋಡೋಕೆ ಬಂದವರೆಲ್ಲ ಮೊದಲು ಕೇಳ್ತಿದ್ದದ್ದು ಇದನ್ನೇ. ಹೌದು ಅಂದ್ರೆ ಸಾಕು, 'ಪುಣ್ಯ ಮಾಡಿದ್ದೆ ಬಿಡು, ಹೊಟ್ಟೆ ಕೊಯ್ಯಲಿಲ್ಲವಲ್ಲ' ಅನ್ನುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ಆದರೆ ಕೂತಿರುತ್ತಿದ್ದದ್ದು ಒಂದೇ ಪಕ್ಕಕ್ಕೆ ವಾಲಿಕೊಂಡು, ಕೆಳಗೆ ದಿಂಬು ಇಟ್ಟುಕೊಂಡು.

ಡಿಸ್ಚಾರ್ಜ್ ಚೀಟಿಯಲ್ಲಿ 'ಥರ್ಡ್ ಡಿಗ್ರಿ ಟೇರ್' ಅಂತ ಇತ್ತು. ಹಾಗಂದ್ರೇನು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಹೊಲಿಗೆ ಹಾಕಿದ್ದೀವಿ, ಒಣಗುತ್ತೆ ಅಂದರು ಅಷ್ಟೆ. ಮಗು ಹೊರಗೆ ಬರುವಾಗ ಸ್ವಲ್ಪ ಹರಿಯೋದು ಮಾಮೂಲು, ಆದರೆ ಆ ಹರುಕು ಮಲದ್ವಾರವನ್ನು ಬಿಗಿ ಹಿಡಿಯೋ ಸ್ನಾಯುವಿನವರೆಗೂ ಹೋದರೆ ಅದು ಥರ್ಡ್ ಡಿಗ್ರಿ, ಒಳಪದರವೂ ಹರಿದರೆ ಫೋರ್ತ್. ಇದೆಲ್ಲ ನಾನು ರಾತ್ರಿ ಹಾಲು ಕುಡಿಸುತ್ತಾ ಫೋನಿನಲ್ಲಿ ಓದಿ ತಿಳಿದುಕೊಂಡದ್ದು.

ಅಮ್ಮನ ಮನೆಯಲ್ಲಿ ಬಾಣಂತನ ಜೋರಾಗಿಯೇ ಆಯಿತು. ಎಣ್ಣೆ, ಸುಡುನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಮೆಣಸಿನ ಸಾರು. ನೀರು ಮಾತ್ರ ಲೋಟದ ಲೆಕ್ಕ, ಯಾಕಂದ್ರೆ ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತಂತೆ. ಹೊಲಿಗೆ ಇರೋ ಜಾಗಕ್ಕೆ ಮಲಬದ್ಧತೆ ಎಂಥಾ ಶತ್ರು ಅಂತ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಬಚ್ಚಲಿಗೆ ಹೋದಾಗ ಕದ್ದು ಕುಡಿಯುತ್ತಿದ್ದೆ. ಮೂರನೇ ತಿಂಗಳಲ್ಲೂ ಗ್ಯಾಸ್ ತಡೆಯೋಕೆ ಆಗ್ತಿರಲಿಲ್ಲ. ಯಾರಾದರೂ ಬಂದರೆ ಮಗು ಅಳುತ್ತೆ ಅಂತ ನೆಪ ಹೇಳಿ ಒಳಗೆ ಹೋಗಿಬಿಡ್ತಿದ್ದೆ.

ಇದನ್ನು ಬಾಯಿಬಿಟ್ಟು ಹೇಳಿದ್ದು ಅವರೆಕಾಯಿ ಕಾಲದಲ್ಲಿ. ನಮ್ಮ ದೊಡ್ಡಮ್ಮ ನೆನೆಸಿದ ಅವರೆಕಾಳಿನ ಬೋಗುಣಿ ಮಧ್ಯೆ ಇಟ್ಟುಕೊಂಡು ಒಂದೊಂದೇ ಹಿತುಕುತ್ತಿದ್ದರು, ನಾನೂ ಕೈ ಹಾಕಿದೆ. ಮುಖ ನೋಡಬೇಕಾಗಿರಲಿಲ್ಲ, ಕಣ್ಣೆಲ್ಲ ಕಾಳಿನ ಮೇಲೆ. ಅದಕ್ಕೇ ಧೈರ್ಯ ಬಂತೋ ಏನೋ. ಹೇಳಿದೆ. ಗ್ಯಾಸಿನ ವಿಷಯ, ಒಂದು ದಿನ ಅಂಗಡಿಯಿಂದ ಬರುವಾಗ ಬಟ್ಟೆ ಹಾಳಾದ ವಿಷಯ, ಎಲ್ಲ. ದೊಡ್ಡಮ್ಮ ಒಂದು ಹಿಡಿ ಕಾಳು ಹಿತುಕಿ ಮುಗಿಸುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ, 'ನಾನು ಮದುವೆ ಮನೆಗೆ ಬಸ್ಸಿನಲ್ಲಿ ಯಾಕೆ ಬರಲ್ಲ ಅಂದ್ಕೊಂಡಿದ್ದೀಯ?' ಅಂದರು.

ಬಸ್ಸಿನಲ್ಲಿ ವಾಂತಿ ಬರುತ್ತೆ ಅಂತ ನಾವೆಲ್ಲ ನಂಬಿದ್ದೆವು. ಅವರೇ ಹೇಳಿದ್ದು.

ಅಲ್ಲಿಂದ ಈಚೆಗೆ, ಹೆರಿಗೆಯಾದ ಗೆಳತಿಯರಿಗೆ ನನ್ನ ಕಥೆ ಹೇಳ್ತೀನಿ. ಬಸುರಿಯರಿಗೆ ಅವರಾಗಿ ಕೇಳದೆ ಹೇಳಲ್ಲ, ಸುಮ್ನೆ ಹೆದರಿಸಿದ ಹಾಗಾಗುತ್ತೆ. ಮೊದಮೊದಲು 'ಎಲ್ಲ ಸರಿಹೋಯ್ತು ನೋಡು' ಅಂತ ಬೇಗ ಬೇಗ ಕೊನೆಗೆ ಓಡಿಬಿಡ್ತಿದ್ದೆ. ಅದು ತಪ್ಪು ಅನಿಸಿತು. ಎದುರಿಗೆ ಇರೋಳು ಇನ್ನೂ ಆರನೇ ವಾರದಲ್ಲಿ ಇರ್ತಾಳೆ, ಅವಳಿಗೆ ನನ್ನ ಆರನೇ ವಾರ ಬೇಕು, ನನ್ನ ಎರಡನೇ ವರ್ಷ ಅಲ್ಲ. ಈಗ ಕಮೋಡಿನ ಮೇಲೆ ಕೂತು ಅತ್ತದ್ದನ್ನೂ ಹೇಳ್ತೀನಿ, ಫಿಸಿಯೋಥೆರಪಿಸ್ಟ್ 'ಗ್ಯಾಸ್ ತಡೆಯೋ ಥರ ಒಳಗೆ ಎಳ್ಕೊಳ್ಳಿ, ಬಿಡಿ' ಅಂತ ಕಲಿಸಿದಾಗ ಎಳ್ಕೊಳ್ಳೋಕೆ ಅಲ್ಲಿ ಏನೂ ಇಲ್ಲವೇನೋ ಅನಿಸಿದ್ದನ್ನೂ ಹೇಳ್ತೀನಿ. ನನಗೆ ಪೂರ್ತಿ ಸರಿಹೋಗಿಲ್ಲ, ಅದನ್ನೂ.

ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ಒಂದು ಫಿಸ್ಟುಲಾ ಆಸ್ಪತ್ರೆ ಇದೆ. ಆಸ್ಟ್ರೇಲಿಯಾದ ಕ್ಯಾಥರೀನ್ ಹ್ಯಾಮ್ಲಿನ್, ಅವರ ಗಂಡ ರೆಜಿನಾಲ್ಡ್ ಇಬ್ಬರೂ 1974ರಲ್ಲಿ ಕಟ್ಟಿದ್ದು. ಹೆರಿಗೆ ದಿನಗಟ್ಟಲೆ ನಿಂತುಹೋಗಿ ಮಗುವಿನ ತಲೆ ಒತ್ತಿ ಒತ್ತಿ ಒಳಗಿನ ಮಾಂಸ ಸತ್ತು ತೂತಾಗುತ್ತೆ, ಆಮೇಲೆ ಮೂತ್ರ ನಿಲ್ಲದೆ ಸೋರುತ್ತಲೇ ಇರುತ್ತೆ, ಅದೇ ಫಿಸ್ಟುಲಾ. ನನ್ನದು ಅದರ ಮುಂದೆ ಏನೂ ಅಲ್ಲ. ಆದರೆ ನನಗೆ ಆ ಆಸ್ಪತ್ರೆಯಲ್ಲಿ ಹಿಡಿಸಿದ್ದು ಬೇರೆ. ಅಲ್ಲಿ ಹೊಸದಾಗಿ ಬಂದವರನ್ನು ನೋಡಿಕೊಳ್ಳೋರಲ್ಲಿ ಅದೇ ಕಾಯಿಲೆಗೆ ಚಿಕಿತ್ಸೆ ಪಡೆದ ಹೆಂಗಸರೂ ಇದ್ದಾರೆ. ಮಾಮಿಟು ಗಾಶೆ ಅನ್ನೋರು ಓದು ಬರಹ ಗೊತ್ತಿಲ್ಲದೆ ಹ್ಯಾಮ್ಲಿನ್ ದಂಪತಿ ಹತ್ತಿರ ರೋಗಿಯಾಗಿ ಬಂದವರು, ಕೊನೆಗೆ ತಾವೇ ಈ ಶಸ್ತ್ರಚಿಕಿತ್ಸೆ ಮಾಡೋ ಸರ್ಜನ್ ಆದರು. ನಾಚಿಕೆಯಿಂದ ಗೋಡೆ ಕಡೆ ತಿರುಗಿ ಮಲಗಿರೋಳಿಗೆ ಹಾಸಿಗೆ ಬದಲಾಯಿಸೋಕೆ ಬಂದವಳು 'ನನಗೂ ಸೋರುತ್ತಿತ್ತು' ಅಂದರೆ ಹೇಗಿರಬೇಡ!

ನಮ್ಮ ದೊಡ್ಡಮ್ಮನದೂ ಹಾಗೇ ಆಯಿತು ಅನ್ನಿ. ಎರಡು ತಿಂಗಳು ಗೋಗರೆದ ಮೇಲೆ ಡಾಕ್ಟರ್ ಹತ್ತಿರ ಬಂದರು. ಒಳಗೆ ನಾನೂ ಇರಬೇಕು ಅನ್ನೋ ಷರತ್ತು. ಏನು ತೊಂದರೆ ಅಂತ ಕೇಳಿದರೆ ಸೆರಗು ಸುತ್ತಿಕೊಳ್ಳುತ್ತಾ ಕೂತರು, ಮಾತೇ ಹೊರಡಲಿಲ್ಲ. ಕಡೆಗೆ ನನ್ನ ಕಡೆ ಕೈ ತೋರಿಸಿ, 'ಇವಳಿಗೆ ಆಗಿತ್ತಲ್ಲ, ಅದೇ' ಅಂದರು. ಎಷ್ಟು ದಿನದಿಂದ ಅಂತ ಡಾಕ್ಟರ್ ಕೇಳಿದರು.

ಹೊರಗೆ ಬೆಂಚಿನ ಮೇಲೆ ಅವರ ಮಗ ಫೋನ್ ನೋಡ್ತಾ ಕೂತಿದ್ದ. ದೊಡ್ಡಮ್ಮ ಬಾಗಿಲ ಕಡೆ ನೋಡಿ, 'ಅವನಿಗೆ ಈ ಯುಗಾದಿಗೆ ಮೂವತ್ತೊಂದು ತುಂಬಿತು' ಅಂದರು.